ಅತ್ತ ಕಣ್ಣಲ್ಲ

ಶನಿವಾರಸಂತೆ
ಭಾನುವಾರ, ೧೯೫೩

ತೀರ್ಥರೂಪ ಅಪ್ಪನವರಿಗೆ ಚಲುವಿಯ ನಮಸ್ಕಾರ.

ನನ್ನನ್ನು ತವರಿಗೆ ಕರೆದೊಯ್ಯಲು ಬರುತ್ತೀರೆಂದು ತಿಳಿಯಿತು. ಸಂತೆಯಲ್ಲಿ ಚಿಕ್ಕಮ್ಮ ನನ್ನ ಕೆಂಪು ಕಣ್ಣು ಕಂಡು ನಿಮಗೆ ಹೇಳಿರಬೇಕು; ಅದು ಅತ್ತ ಕಣ್ಣಲ್ಲ. ರೆಪ್ಪೆಯ ಅಂಚು ಊದಿ ಕೆಂಪಾಗಿದೆ, ಅಷ್ಟೆ. ಇದು ಮರುಕಳಿಸುವ ಕಾಯಿಲೆ, ದಿನವೂ ಆರೈಕೆ ಮಾಡಿದರೆ ಹತೋಟಿಯಲ್ಲಿರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕಣ್ಣಿಗೆ ಕಾಡಿಗೆ ಹಚ್ಚುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಅತ್ತೆಯೇ ಬಿಸಿನೀರಲ್ಲಿ ಬಟ್ಟೆ ಹಿಂಡಿ ರೆಪ್ಪೆಗೆ ಶಾಖ ಕೊಟ್ಟು, ರೆಪ್ಪೆಗೂದಲ ಬುಡ ಒರೆಸುತ್ತಾರೆ.

"ಅಲುಗಾಡ್ಬೇಡ ಕಣೆ, ನಾನೇ ಅಳ್ಸಿದ್ದು ಅಂತಾರೆ ನಿಮ್ಮಪ್ಪ," ಎಂದು ನಗುತ್ತಾರೆ.

ಉರಿ ಕಡಿಮೆಯಾಗಿದೆ. ಕಣ್ಣು ಒರೆಸಲು ಇಲ್ಲಿನ ಬಟ್ಟೆ ಒರಟು. ಅಮ್ಮನ ಹಳೆಯ ನೂಲಿನ ಸೀರೆಯೊಂದನ್ನು ತನ್ನಿ.

ಮದುವೆಯಾದ ಹೊಸದರಲ್ಲಿ ಅತ್ತದ್ದು ನಿಜ. ಆಗ ಬಂದಿದ್ದರೆ ನಿಮ್ಮೊಡನೆ ಹೊರಟುಬಿಡುತ್ತಿದ್ದೆ. ಈಗ ಬಂದರೆ ಊಟ ಮಾಡಿಕೊಂಡು ಹೋಗಿ.

ನಿಮ್ಮ ಮಗಳು,
ಚಲುವಿ