ನಾಲ್ಕು ಡಬ್ಬಿ ಕಲ್ಲುಹಿಟ್ಟು

ಮಿಯಾಪುರ, ಹೈದರಾಬಾದ್
೧೭ ನವೆಂಬರ್ ೨೦೨೪

ಚಿ. ಶರ್ವರಿಗೆ ಅಪ್ಪನ ಆಶೀರ್ವಾದಗಳು.

ಉಭಯ ಕುಶಲೋಪರಿ ಎಂದು ಬರೆಯುವ ಹಾಗಿಲ್ಲ. ನಿಮ್ಮವ್ವ ಹಾಸಿಗೆ ಹಿಡಿದು ತಿಂಗಳಾಯಿತು. ತಿಳಿಸಲು ತಡವಾದದ್ದು ನನ್ನ ಸೋಮಾರಿತನ; ಫೋನ್ ಎತ್ತದಿರುವುದು ನಿನ್ನ ಹಟ. ಹಟದಲ್ಲಿ ನೀನು ನನ್ನ ಮಗಳೇ, ಅದರಲ್ಲಿ ಅನುಮಾನವಿಲ್ಲ.

ಕಿಡ್ನಿ ಎರಡೂ ಕೈಕೊಟ್ಟಿವೆ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮರೆವೂ ಹೆಚ್ಚಿದೆ. ಉಂಡದ್ದು ಮರೆಯುತ್ತಾಳೆ, ನಿನ್ನ ಕಲ್ಲುಗಳನ್ನು ಮಾತ್ರ ಮರೆಯುವುದಿಲ್ಲ. ದಿನಾ ಮುಂಜಾನೆ "ಶರೂಗ ಬರೀರಿ, ನಂದು ತಪ್ಪಾತು ಅಂತ" ಎನ್ನುತ್ತಾಳೆ. ಬರೆದೆ ಎನ್ನುತ್ತೇನೆ. ಎರಡು ವರ್ಷ ಒಂದಕ್ಷರವೂ ಬರೆಯಲಿಲ್ಲ.

ನಿನ್ನೆ ಔಷಧಕ್ಕೆಂದು ಗಚ್ಚಿಬೌಲಿಗೆ ಹೋಗಿದ್ದೆ. ನೀನು ಸಂಶೋಧನೆಗೆಂದು ಕಲ್ಲು ತೆಗೆದ ಪಾಯದ ಗುಂಡಿಯ ಮೇಲೆ ಈಗ ಮೂವತ್ತು ಅಂತಸ್ತು ನಿಂತಿದೆ. ಯಾದಗಿರಿಯ ಮೇಸ್ತ್ರಿ ಕಲ್ಲೇಶ ನನ್ನ ಗುರುತು ಹಿಡಿದು, ಅಕ್ಕಾರು ಮೂರು ವಾರ ಬಿಸಿಲಲ್ಲಿ ಕೂತು ಕಲ್ಲಿಗೆ ಬ್ರಷ್ ಹಚ್ಚುತ್ತಿದ್ದರೆಂದು ನೆನೆದು ನಕ್ಕ. ಗಟ್ಟಿ ಗ್ರಾನೈಟಿನ ನಡುವೆ ಬಂಡೆ ಸೀಳಿ ಜರುಗಿದ ಜಾಗ ಅದು. ಆಚೀಚೆ ಚೂರಾದ ಕಲ್ಲು, ಒಳಗೆ ಅರೆದ ಹಿಟ್ಟಿನಂಥ ಬೂದು ಮಣ್ಣು. ಆ ಸ್ತರಭಂಗದ ಪುರಾವೆಯೆಲ್ಲ ಹಿಟ್ಟಿನ ಪದರಗಳಲ್ಲೇ ಇತ್ತು. ನಾಲ್ಕು ಡಬ್ಬಿ ತುಂಬಿ, ಕದಲದ ಹಾಗೆ ಹೊತ್ತು ತಂದು ನಮ್ಮ ಬಾಲ್ಕನಿಯಲ್ಲಿಟ್ಟವಳು ನೀನು. ವಾರದೊಳಗೆ ಗುಂಡಿಗೆ ಕಾಂಕ್ರೀಟ್ ಬಿತ್ತು.

ಆ ವರ್ಷದ ದೀಪಾವಳಿಯ ಹಿಂದಿನ ದಿನ ನೀನು ಬಂದು ನೋಡಿದರೆ ಕಲ್ಲುಚೂರುಗಳೆಲ್ಲ ಥಳಥಳ, ಸಾಲಾಗಿ ಒಣಗಲಿಟ್ಟಿವೆ. ಹಿಟ್ಟು ಮೋರಿ ಪಾಲು. ಏನನ್ನಾದರೂ ತೊಳೆಯದೆ ನಿಮ್ಮವ್ವನಿಗೆ ಹಬ್ಬವಾಗುವುದಿಲ್ಲ ಎಂಬುದು ಮನೆಮಂದಿಗೆಲ್ಲ ಗೊತ್ತು. "ಭಾಂಡಿ ತಿಕ್ಕೂದು ಬಿಟ್ರ ನಿನಗೇನು ಗೊತ್ತು? ಇನ್ನ ನನಗ ಅವ್ವ ಇಲ್ಲ" ಎಂದೆ ನೀನು. ಆಕೆ ತಲೆ ತಗ್ಗಿಸಿ ನಿಂತಿದ್ದಳು. ನೀನು ಸಂಶೋಧನೆ ಬಿಟ್ಟು ಪುಣೆ ಸೇರಿದೆ. ಈಗ ಶಾಲೆಯ ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದೀಯಂತೆ. ಒಳ್ಳೆಯದೇ, ಬಿಸಿಲಲ್ಲಿ ಅಲೆಯುವುದು ತಪ್ಪಿತು.

ಬರುವುದಾದರೆ ಬೇಗ ಬಾ. ಬಾರದಿದ್ದರೆ ಅದೂ ನಿನ್ನಿಷ್ಟ, ಕೈಕಾಲು ಹಿಡಿಯುವವನು ನಾನಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಪ್ಪ,
ಪ್ರಹ್ಲಾದ

ತಾ.ಕ.: ಕಲ್ಲು ತೊಳೆದವನು ನಾನು. ಭೂವಿಜ್ಞಾನ ಇಲಾಖೆಯಲ್ಲಿದ್ದಾಗ ಆ ಭಾಗದ ನಕಾಶೆ ಮಾಡಿ, ಸ್ತರಭಂಗ ಎಲ್ಲೂ ಇಲ್ಲವೆಂದು ಸಹಿ ಹಾಕಿದವನೂ ನಾನೇ. ಊಟಕ್ಕೆ ಕೂತಾಗ ನೀನು "ಅಪ್ಪಾ, ನಿಮ್ಮ ನಕಾಶಿದಾಗ ಈ ಗೆರಿನ ಇಲ್ಲಲ್ರಿ" ಎಂದು ನಕ್ಕಿದ್ದೆ. ಆ ನಗು ನನಗೆ ಸಹಿಸಲಾಗಲಿಲ್ಲ. ಹಿಟ್ಟು ಹೋದರೆ ಏನೇನು ಹೋಗುತ್ತದೆ ಎಂದು ಚೆನ್ನಾಗಿ ತಿಳಿದೇ ನಲ್ಲಿ ತಿರುಗಿಸಿದೆ. ಯಾರು ತೊಳೆದರೆಂದು ನಿಮ್ಮವ್ವ ಕೇಳಿದಾಗ, ನೀನೇ ತೊಳೆದದ್ದು, ಮರೆತೆಯಾ ಎಂದೆ. ಆಗಷ್ಟೇ ಮರೆವು ಶುರುವಾಗಿತ್ತು, ನಂಬಿದಳು.

ಮೊನ್ನೆ ಪಕ್ಕದಲ್ಲಿ ಕೂತು ನಿಜ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡು ಹೇಳಿದಳು: "ನನ್ನ ತಪ್ಪು ನಿಮ್ಮ ಮ್ಯಾಲೆ ಹಾಕ್ಕೋಬ್ಯಾಡ್ರಿ. ತೊಳದಾಕಿ ನಾನ. ನೀರು ಭಾಳ ಥಂಡಿ ಇತ್ತು, ನನಗ ಪೂರಾ ನೆನಪೈತಿ."