ಕೊನೆಯ ಬಂಡೆಕುದುರೆ ಈ ಪೆಟ್ಟಿಗೆಯಲ್ಲಿ ಏಕಿಲ್ಲ

ಮಧುಗಿರಿ
ಕ್ರಿ.ಶ. 2188, ಫೆಬ್ರವರಿ ಮೂವತ್ತು

ಇನ್ನೂ ಹುಟ್ಟದ ನನ್ನ ವಂಶದ ಕುಡಿಗೆ, ಮುದ್ದುರಂಗಪ್ಪನು ಎದೆ ಸೆಟೆಸಿ, ಬಲಗೈ ಎತ್ತಿ, ಕಡೆಯ ಸಾಲಿನವರಿಗೂ ಕೇಳುವಂತೆ ಮಾಡುವ ಆಶೀರ್ವಾದ.

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳನ್ನೂ ಮೂವತ್ತಕ್ಕೆ ಸಮ ಮಾಡಿದ್ದಾರೆ. ಉಳಿದ ಐದೋ ಆರೋ ದಿನಗಳನ್ನು ವರ್ಷದ ಬಾಲಕ್ಕೆ ಕಟ್ಟಿ ‘ಯಾರದೂ ಅಲ್ಲದ ದಿನ’ ಎಂದು ಹೆಸರಿಟ್ಟು ಕಚೇರಿಗಳಿಗೆ ಬೀಗ ಹಾಕುತ್ತಾರೆ. ನನ್ನ ಮಾತಿಗೂ ನಗಬೇಡ. ನಾನು ಅಜ್ಜನ ನಾಟಕ ಕಂಪನಿಯಲ್ಲಿ ಬೆಳೆದವನು. ರಾಜ ಪಾರ್ಟಿನ ಮಾತುಗಳಿಂದಲೇ ಅಕ್ಷರ ಕಲಿತವನು. ಒಂದು ಲೋಟ ನೀರು ಕೇಳಬೇಕಾದರೂ ನನ್ನ ಬಾಯಲ್ಲಿ ಅದು ಯುದ್ಧಕ್ಕೆ ಕರೆದಂತೆ ಕೇಳುತ್ತದೆ ಎಂದು ನನ್ನ ಹೆಂಡತಿ ಪುಟ್ಟತಾಯಿಯ ದೂರು. ನಿನ್ನ ಕಾಲಕ್ಕೆ ಈ ಪದಗಳಲ್ಲಿ ಅರ್ಧ ಸತ್ತಿರಬಹುದು. ಅರ್ಥವಾಗದಿದ್ದರೆ ಎದ್ದು ನಿಂತು, ಗಟ್ಟಿಯಾಗಿ ಓದು. ಕೂತು ಓದುವುದಕ್ಕೆ ಬರೆದ ಕಾಗದವಲ್ಲ ಇದು.

ನೀನು ಪೆಟ್ಟಿಗೆಯ ಮೊಳೆ ಕಿತ್ತು, ಮುಚ್ಚಳ ಎತ್ತಿ, ಹುಲ್ಲು ಸರಿಸಿ, ಒಳಗೆ ಬೈಕು ಇಲ್ಲದ್ದನ್ನು ಕಂಡು ನನ್ನನ್ನು ಬೈದಿರುತ್ತೀಯ. ಬೈಯಬೇಕಾದ್ದೇ. ಹೊರಗಡೆ ದೊಡ್ಡ ಅಕ್ಷರದಲ್ಲಿ ‘ಕೊನೆಯ ಬಂಡೆಕುದುರೆ. ಮುಂದೆ ಹುಟ್ಟುವವರಿಗೆ. ಯಾರೂ ಮುಟ್ಟಕೂಡದು’ ಎಂದು ಬಣ್ಣದಲ್ಲಿ ಬರೆದವನು ನಾನೇ. ನಿನ್ನ ಆಸ್ತಿಯನ್ನು ನೀನು ಹುಟ್ಟುವ ಮೊದಲೇ ಕೊಟ್ಟುಬಿಟ್ಟವನೂ ನಾನೇ. ಯಾಕೆ ಕೊಟ್ಟೆ ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ಬಂಡೆಕುದುರೆ ಎಂದರೆ ಹಳಬರು ಟ್ರಯಲ್ಸ್ ಬೈಕು ಎನ್ನುತ್ತಿದ್ದ ಗಾಡಿ. ಎರಡು ಗಾಲಿ, ಒಂದು ಎಂಜಿನ್ನು, ಮೈಯೆಲ್ಲ ಮೂಳೆ. ಸೀಟಿಲ್ಲ. ಸವಾರ ಇಡೀ ದಾರಿ ನಿಂತೇ ಇರಬೇಕು. ದಾರಿ ಎಂದರೂ ದಾರಿಯಲ್ಲ. ಬಂಡೆ, ಕೊರಕಲು, ಒಣಗಿದ ಹಳ್ಳ. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ. ಆನೆ ಗಾತ್ರದ ಗುಂಡುಕಲ್ಲಿನ ಮೇಲೆ ಹತ್ತಿ, ಅಲ್ಲೇ ಒಂದು ಗಳಿಗೆ ಅಲುಗದೆ ನಿಂತು, ಆಚೆ ಇಳಿಯಬೇಕು. ಕಾಲು ನೆಲಕ್ಕೆ ತಾಗಿದರೆ ಒಂದು ತಪ್ಪು. ಯಾರು ಕಡಿಮೆ ಕಾಲೂರುತ್ತಾರೋ ಅವರು ಗೆದ್ದಂತೆ. ಅಜ್ಜನ ಕಂಪನಿ ಮುಳುಗಿದ ಮೇಲೆ ನನ್ನ ಅಪ್ಪ ಇದನ್ನು ತರಿಸಿ ಮಾರುವ ಅಂಗಡಿ ಹಾಕಿದ. ಊರೇ ಒಂದು ಬಂಡೆಯ ಬುಡದಲ್ಲಿರುವಾಗ ಬೇರೆ ಯಾವ ಜಾಹೀರಾತು ಬೇಕು? ಅವನ ಕಾಲಕ್ಕೆ ವರ್ಷಕ್ಕೆ ನಲವತ್ತು ಬೈಕು ಹೋಗುತ್ತಿದ್ದವು. ಅಂಗಡಿ ನನ್ನ ಕೈಗೆ ಬಂದಾಗ ಒಂಬತ್ತು.

ಆಮೇಲೆ ‘ಬೀಳದ ಕಾಯಿದೆ’ ಬಂತು. ತಾನಾಗಿ ನೆಟ್ಟಗೆ ನಿಲ್ಲಲಾರದ ಯಾವ ವಾಹನವೂ ದೇಶದೊಳಗೆ ಬರಕೂಡದು ಎಂಬ ಕಾಯಿದೆ. ಈಗ ಎಲ್ಲರ ಮನೆಯಲ್ಲೂ ನೆಟ್ಟಗಾಡಿ. ಅದನ್ನು ಒದ್ದರೂ ಬೀಳುವುದಿಲ್ಲ, ಬಯ್ದರೂ ಓರೆಯಾಗುವುದಿಲ್ಲ. ಬೀದಿಗಳಿಗೆ ಮೆತ್ತೆಗಾರೆ ಬಳಿದಿದ್ದಾರೆ, ನಡೆದರೆ ಹಾಸಿಗೆಯ ಮೇಲೆ ನಡೆದಂತೆ. ಮಂಡಿ ತರಚಿದರೆ ಹಚ್ಚುವ ಮುಲಾಮು ಕೇಳಿದರೆ ಔಷಧಿ ಅಂಗಡಿಯವನು ಅದೇನೆಂದು ನನ್ನನ್ನೇ ಕೇಳುತ್ತಾನೆ. ಇಂಥ ಕಾಲದಲ್ಲಿ, ಹತ್ತಿದರೆ ಬೀಳಿಸುವ ಗಾಡಿಯನ್ನು ಸಮುದ್ರದಾಚೆಯಿಂದ ತರಿಸಿ ಮಾರುತ್ತೇನೆಂದು ಕೂತವನು ನಾನು! ಬಂದ ಗಿರಾಕಿಗಳಲ್ಲಿ ಒಬ್ಬ ಸೀಟು ಹಾಕಿಕೊಡಿ ಎಂದ. ಇನ್ನೊಬ್ಬ ಪಡಸಾಲೆಯ ಗೋಡೆಗೆ ನೇತುಹಾಕಲು ಕೇಳಿದ. ಅವನ ಗೋಡೆಯ ಅಳತೆಯೂ ಜೇಬಿನಲ್ಲಿತ್ತು. ಬೈಕು ಮಾಡುವವರು ಸ್ಪೇನ್ ದೇಶದ ಬೆಟ್ಟದೂರಿನ ಒಂದು ಕುಟುಂಬ, ಅದರ ಯಜಮಾನಿ ನೂರಿಯಾ ಎಂಬಾಕೆ. ಸಾಮಾನು ಬರುವುದು ಹಾಯಿಹಡಗಿನಲ್ಲಿ, ಏಳು ತಿಂಗಳಿಗೆ. ಮೆತ್ತನೆಯ ಟೈರು ಹೊರಟರೆ ಬಂದು ಮುಟ್ಟುವಷ್ಟರಲ್ಲಿ ಹಪ್ಪಳ. ಆದ್ದರಿಂದ ಯುಗಾದಿಯ ದಿನ ಪಂಚಾಂಗ ಕೇಳುವ ಹೊತ್ತಿಗೆ ನಾನು ನನ್ನದೇ ಪಂಚಾಂಗ ನೋಡುತ್ತಿದ್ದೆ: ಬರುವ ವರ್ಷ ಯಾರು ಬೀಳುತ್ತಾರೆ, ಯಾವ ಕಡೆಗೆ ಬೀಳುತ್ತಾರೆ, ಕ್ಲಚ್ಚು ಬ್ರೇಕುಗಳ ಎಷ್ಟು ಲಿವರು ಮುರಿಯುತ್ತವೆ. ಮುರಿಯುವ ಮೊದಲೇ ಬರೆದು ತರಿಸಬೇಕು. ಬೀಳುವವರ ಮೇಲೆ ಅಂಥ ನಂಬಿಕೆಯಿಟ್ಟು ನಡೆದ ವ್ಯಾಪಾರ ಭೂಮಿಯ ಮೇಲೆ ಇನ್ನೊಂದಿರಲಾರದು.

ಕಾಯಿದೆ ಬಂದ ಮೇಲೆ ತರಿಸಿದ ಮೊದಲ ಬೈಕು ಪಡುಗಟ್ಟೆ ಬಂದರಿನಲ್ಲಿ ಸಿಕ್ಕಿಬಿತ್ತು. ಕರಾವಳಿಯ ಹಳೆಯ ಬಂದರುಗಳು ನೀರಿನಡಿ ಹೋದ ಮೇಲೆ ಗುಡ್ಡದ ಮೇಲೆ ಕಟ್ಟಿದ ಬಂದರು ಅದು. ಅಲ್ಲಿ ಸುಂಕದ ಅಧಿಕಾರಿ ಐರಿನ್ ಪಿಂಟೊ, ಬಂದರಿನವರಿಗೆಲ್ಲ ‘ಐರಿನ್ ಬಾಯಿ’, ಆಗ ಮೂವತ್ತೈದರ ಆಸುಪಾಸಿನ ಹೆಂಗಸು. ಸಣ್ಣ ಮೈ, ಚೂಪು ಕಣ್ಣು. ಬೈಕಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ ನನ್ನನ್ನು ನೋಡಿದರು.

“ಅಲ್ಲ ಮಾರಾಯ್ರೇ, ಇದಕ್ಕೆ ಕೂತುಕೊಳ್ಳಲಿಕ್ಕೆ ಜಾಗ ಎಲ್ಲಿ ಉಂಟು?”

ಕೂರುವುದಕ್ಕಲ್ಲ ಎಂದೆ. ಹಾಗಾದರೆ ಇದು ವಾಹನವಲ್ಲ ಎಂದರು. ಅಲ್ಲವೇ ಅಲ್ಲ ಎಂದು ನಾನು ಒಪ್ಪಿಕೊಂಡೆ. ಹಾಗಾದರೆ ಏನು? ನಾಟಕದವನ ನಾಲಿಗೆ, ತಡೆದೀತೇ? ಫಾರ್ಮಿನಲ್ಲಿ ಖಾಲಿಯಿದ್ದ ಜಾಗದಲ್ಲಿ ‘ನಾಟಕದ ಪರಿಕರ’ ಎಂದು ಬರೆದುಕೊಟ್ಟೆ. ಗದೆ, ಕಿರೀಟ, ರಟ್ಟಿನ ಸಿಂಹಾಸನ ಇವುಗಳ ಸಾಲಿಗೆ ನನ್ನ ಬೈಕೂ ಸೇರಿತು. ಗೆದ್ದೆನೆಂದುಕೊಂಡೆ. ಐರಿನ್ ಬಾಯಿ ಕಾಯಿದೆ ಪುಸ್ತಕ ತೆಗೆದು ಮುಂದಿನ ಸಾಲು ಓದಿದರು: ನಾಟಕದ ಪರಿಕರವನ್ನು ಕಲಾವಿದರಲ್ಲದವರಿಗೆ ಮಾರಕೂಡದು. ಪ್ರತಿ ಮಾರಾಟಕ್ಕೂ ಕೊಳ್ಳುವವರು ಕಲಾವಿದರೆಂದು ಪ್ರಮಾಣಪತ್ರ ಬೇಕು. ಇಷ್ಟಾದರೂ ಆ ಮೊದಲ ಬೈಕನ್ನು ಪರಿಶೀಲನೆಯ ಹೆಸರಿನಲ್ಲಿ ಹನ್ನೊಂದು ತಿಂಗಳು ಗೋದಾಮಿನಲ್ಲಿ ಇಟ್ಟುಕೊಂಡರು. ಆ ಹನ್ನೊಂದು ತಿಂಗಳು ನಾನು ಆಕೆಯನ್ನು ಪದ್ಯದಲ್ಲೂ ಬಯ್ದೆ, ಗದ್ಯದಲ್ಲೂ ಬಯ್ದೆ.

ನನ್ನ ಸುಳ್ಳಿನಿಂದ ಹುಟ್ಟಿದ್ದು ನಮ್ಮ ಅಂಗಡಿಯ ಪದ್ಧತಿ. ಅಂಗಡಿಯ ಮುಂದೆ ಅಗಲವಾದ ಒಂದು ಬಂಡೆ. ಕೊಳ್ಳಲು ಬಂದವರು ಅದರ ಮೇಲೆ ಬೈಕು ಹತ್ತಿ, ಮುಂದಿನ ಗಾಲಿ ಓರೆ ತಿರುಗಿಸಿ, ಬ್ರೇಕು ಹಿಡಿದು ನಿಲ್ಲಬೇಕು. ಎಂಜಿನ್ನು ಗುಂಯ್‌ಗುಡುತ್ತಿರಬೇಕು, ಅದೇ ನನಗೆ ಶ್ರುತಿ, ಹಾರ್ಮೋನಿಯಂನ ಎರಡನೆಯ ಬಿಳಿ ಮನೆಗೆ ಸರಿಯಾಗಿ ಕೂರುತ್ತದೆ. ನಾನು ಅಜ್ಜ ಕಟ್ಟಿದ ರಂಗಗೀತೆಯನ್ನು ಪಲ್ಲವಿಯಿಂದ ಮೂರು ಚರಣದವರೆಗೆ ಹಾಡುತ್ತೇನೆ.

ಸರಿಯೆಂದರೂ ಸರಿಯದ ಹಿರಿಯ ಬಂಡೆ,
ಕಾಲೂರದೆ ನಿನ್ನ ನೆತ್ತಿಗೆ ಬಂದೆ.

ಹಾಡು ಮುಗಿಯುವ ತನಕ ಕಾಲು ಕೆಳಗಿಡದವರು ಕಲಾವಿದರು. ಪತ್ರಕ್ಕೆ ನನ್ನ ಸಹಿ. ಕಾಲೂರಿದವರಿಗೆ ಕಾಫಿ ಕೊಟ್ಟು, ಕಲಿತು ಬನ್ನಿ ಎಂದು ಕಳಿಸುತ್ತಿದ್ದೆ. ಹತ್ತರಲ್ಲಿ ಏಳು ಮಂದಿ ಎರಡನೆಯ ಚರಣದಲ್ಲೇ ಕಾಲೂರುತ್ತಿದ್ದರು. ಅಂಗಡಿಯೇ ಮುಚ್ಚುವ ಹಾಗಿರುವಾಗ ಗಿರಾಕಿಯನ್ನು ವಾಪಸು ಕಳಿಸುವುದೇ ಎಂದು ನೀನು ಕೇಳಬಹುದು. ನಿನಗಿಂತ ಮೊದಲು ಪುಟ್ಟತಾಯಿ ಕೇಳಿದ್ದಾಳೆ.

“ಬರೋದೇ ವರ್ಷಕ್ಕೆ ಮೂರ್ ಜನ. ಅವ್ರುನ್ನೂ ಪದ ಹೇಳಿ ಬೀಳಿಸಿ ಕಳುಸ್ತೀರಲ್ಲ, ಇದೇನ್ ಅಂಗಡಿನಾ, ಗರಡಿ ಮನೆನಾ?”

ಆದರೆ ನಿಂತವರು ಇದ್ದರು, ಕಂದ. ಇಪ್ಪತ್ತಾರು ವರ್ಷದಲ್ಲಿ ಇಪ್ಪತ್ಮೂರು ಜನ. ಒಬ್ಬ ಹಲ್ಲಿನ ಡಾಕ್ಟರು, ಒಬ್ಬಳು ಬಾವಿ ತೋಡುವವಳು, ಶಿರಾ ಕಡೆಯ ಒಬ್ಬ ಮಠದ ಸ್ವಾಮಿಗಳು ಕಾವಿ ಎತ್ತಿ ಕಟ್ಟಿ ನಿಂತರು. ಅವರಲ್ಲಿ ಯಾರೂ ತಮ್ಮ ಬೈಕನ್ನು ಗೋಡೆಗೆ ನೇತುಹಾಕಲಿಲ್ಲ. ಅಷ್ಟು ಹೊತ್ತು ನಿಂತು ಪಡೆದದ್ದನ್ನು ಯಾರು ನೇತುಹಾಕುತ್ತಾರೆ?

ಎರಡು ವರ್ಷದ ಹಿಂದೆ ನೂರಿಯಾಳ ಕಾಗದ ಬಂತು. ಕೈಗೆ ಮೊದಲಿನ ಹಿಡಿತವಿಲ್ಲ, ಕಲಿಯುವವರಿಲ್ಲ, ಕುಲುಮೆ ಆರಿಸುತ್ತಿದ್ದೇನೆ, ಉಳಿದ ಒಂದನ್ನು ಮಧುಗಿರಿಗೇ ಕಳಿಸುತ್ತಿದ್ದೇನೆ ಎಂದು ಬರೆದಿದ್ದಳು. ಒಬ್ಬರ ಮುಖ ಒಬ್ಬರು ನೋಡದೆ ಮೂವತ್ತು ವರ್ಷ ವ್ಯಾಪಾರ ಮಾಡಿದ್ದೆವು. ಕಾಗದವನ್ನು ಮಡಚಿ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಇಟ್ಟೆ. ಆ ಇಪ್ಪತ್ನಾಲ್ಕನೆಯ ಬೈಕು ಬಂದಾಗ ಮಾರುವುದಿಲ್ಲವೆಂದು ಸಾರಿದೆ. ಮುಂದಿನವರಿಗೆ ಎಂದು ಪೆಟ್ಟಿಗೆಯ ಮೇಲೆ ಬರೆದೆ. ನಿಜ ಹೇಳಲೇ? ನಿನ್ನ ಹೆಸರು ನೆಪ. ನನ್ನ ಮಂಡಿ ಎರಡೂ ಹೋಗಿವೆ, ನಾನಿನ್ನು ಅದನ್ನು ಹತ್ತಲಾರೆ. ಆದರೂ ದಿನಾ ಬೆಳಿಗ್ಗೆ ಮೊಳೆ ಕಿತ್ತು, ಮುಚ್ಚಳ ತೆರೆದು ಹ್ಯಾಂಡಲ್ ಮುಟ್ಟಿ, ಮತ್ತೆ ಮೊಳೆ ಹೊಡೆಯುತ್ತಿದ್ದೆ. ಗೋಡೆಯ ಅಳತೆ ತಂದವನಿಗೂ ನನಗೂ ಇದ್ದ ಅಂತರ ಒಂದು ಮುಚ್ಚಳದಷ್ಟು.

ಹೋದ ಮಾರ್ಗಶಿರದಲ್ಲಿ ಐರಿನ್ ಬಾಯಿ ಬಂದರು. ನೌಕರಿಯಿಂದ ನಿವೃತ್ತರಾಗಿದ್ದರು, ಅವರು ಒತ್ತಿದ ಕೊನೆಯ ಮುದ್ರೆ ಈ ಪೆಟ್ಟಿಗೆಯ ಮೇಲಿನದೇ, ಬಲ ಮೂಲೆಯಲ್ಲಿ ನೋಡು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹೇಳಬೇಕಾದ್ದನ್ನು ಹೇಳಿದರು. ಆ ಮೊದಲ ಬೈಕಿನಲ್ಲಿ ಪರಿಶೀಲಿಸುವುದೇನೂ ಇರಲಿಲ್ಲವಂತೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸುಮ್ಮನೆ ಅದರ ಮೇಲೆ ಹತ್ತಿ ನಿಂತರಂತೆ, ತಕ್ಷಣ ಬಿದ್ದರಂತೆ. ಬುದ್ಧಿ ಬಂದ ಮೇಲೆ ಮೊದಲ ಸಲ ಬಿದ್ದದ್ದು. ಮಾರನೆಯ ದಿನ ಮತ್ತೆ ಹತ್ತಿದರು. ಹೀಗೆ ಹನ್ನೊಂದು ತಿಂಗಳು. ಆಮೇಲೆ ಬಂದ ಒಂದೊಂದು ಬೈಕೂ ಗೋದಾಮಿನಲ್ಲಿ ಹದಿನೈದು ದಿನ ಹೆಚ್ಚಾಗಿ ನಿಂತದ್ದು ಅದಕ್ಕೇ. ನನ್ನ ಇಪ್ಪತ್ಮೂರು ಬೈಕುಗಳ ಮೇಲೂ ನನ್ನ ಗಿರಾಕಿಗಳಿಗಿಂತ ಮೊದಲು ನಿಂತವರು ಅವರು.

ಈ ಕೊನೆಯದನ್ನು ತಮಗೆ ಮಾರಬೇಕೆಂದು ಕೇಳಿದರು. ಮಾರುವುದಿಲ್ಲ, ಇದು ಹುಟ್ಟಲಿರುವವರಿಗೆ ಎಂದು ನಾನು ರಾಜಗಾಂಭೀರ್ಯದಿಂದ ಹೇಳುತ್ತಿರುವಾಗಲೇ ಒಳಗೆ ಮೊಳೆ ಕೀಳುವ ಸದ್ದು ಕೇಳಿಸಿತು. ಪುಟ್ಟತಾಯಿ ಬೈಕನ್ನು ಬಂಡೆಯ ಮೇಲಕ್ಕೆ ತಳ್ಳಿ ತಂದಳು.

“ಹುಟ್ಟೋರು ಹುಟ್ಲಿ. ಇವ್ರು ಬಂದವ್ರೆ. ಪದ ಹೇಳ್ರಿ.”

ಹಾಡಲು ಕೂತೆ. ಮನಸ್ಸಿನಲ್ಲಿ ಕಪಟವಿತ್ತು. ಹಾಡು ಮುಗಿಯುವುದು ಯಾರ ಕೈಯಲ್ಲಿದೆ? ಹಾಡುವವನ ಕೈಯಲ್ಲಿ. ಪಲ್ಲವಿಗೆ ಮೊದಲು ಉದ್ದನೆಯ ಆಲಾಪ ತೆಗೆದೆ. ಮೊದಲ ಚರಣವನ್ನು, ಯಾರೂ ಕೇಳದಿದ್ದರೂ, ಕಂಪನಿ ನಾಟಕದ ಪದ್ಧತಿಯಂತೆ ‘ಒನ್ಸ್ ಮೋರ್’ ಎಂದು ನಾನೇ ಹೇಳಿಕೊಂಡು ಇನ್ನೊಮ್ಮೆ ಹಾಡಿದೆ. ಎರಡನೆಯದನ್ನು ಮೂರು ಸಲ. ಅಜ್ಜ ಬರೆಯದ ಸಾಲುಗಳನ್ನೂ ಅಲ್ಲೇ ಕಟ್ಟಿ ಸೇರಿಸಿದೆ. ಐರಿನ್ ಬಾಯಿಯ ಮಂಡಿ ನಡುಗತೊಡಗಿತು. ಮುಂದಿನ ಗಾಲಿ ಒಂದು ಬೆರಳು ಅತ್ತ, ಒಂದು ಬೆರಳು ಇತ್ತ. ಬೆವರು ಮೂಗಿನ ತುದಿಯಿಂದ ಟ್ಯಾಂಕಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅರವತ್ತೊಂದು ವರ್ಷದ ಕಾಲು ಕೆಳಗೆ ಬರಲಿಲ್ಲ. ಮೂರನೆಯ ಚರಣದ ನಡುವೆ, ತಾರಸ್ಥಾಯಿಯಲ್ಲಿ, ಐವತ್ತು ವರ್ಷ ಒಮ್ಮೆಯೂ ಕೈಕೊಡದ ನನ್ನ ಉಸಿರು ಕೈಕೊಟ್ಟಿತು. ಸ್ವರ ಒಡೆಯಿತು. ಹಾಡು ನಿಂತುಹೋಯಿತು. ಆ ದಿನ ಕಾಲೂರಿದವನು ನಾನು, ಕಂದ.

ಎಂಜಿನ್ನಿನ ಶ್ರುತಿಯೊಂದೇ ಉಳಿಯಿತು. ನನ್ನ ಕಡೆ ತಿರುಗದೆ, ತಿರುಗಿದರೆ ಬಿದ್ದಾರು, ಅವರು ಮೆಲ್ಲಗೆ ಹೇಳಿದರು:

“ಮುಗೀಲಿಲ್ಲ ಮಾರಾಯ್ರೇ. ಕಡೇ ಸಾಲು ಉಂಟಲ್ಲ. ನಿಧಾನ ಹಾಡಿ, ನಾನು ನಿಂತಿರ್ತೇನೆ.”

ಕಡೆಯ ಸಾಲನ್ನು ಹಾಡಿದವಳು ಪುಟ್ಟತಾಯಿ. ಇಷ್ಟು ವರ್ಷ ಅಡುಗೆಮನೆಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿತ್ತಂತೆ. ನಾನು ಬರೀ ಹಾರ್ಮೋನಿಯಂ ಒತ್ತಿದೆ. ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಅಕ್ಷರ ಕಾಣಲಿಲ್ಲ. ಈಗ ಬಂಡೆಕುದುರೆ ಪಡುಗಟ್ಟೆಯಲ್ಲಿದೆ, ಸಮುದ್ರದ ಕಡೆಯ ಕಪ್ಪು ಕಲ್ಲುಗಳ ಮೇಲೆ ಓಡಾಡುತ್ತಿದೆ. ಕಾಲು ಸೋತ ದಿನ ಇದೇ ಪರೀಕ್ಷೆ ಮಾಡಿ ಇನ್ನೊಬ್ಬರಿಗೆ ಕೊಡುತ್ತೇನೆಂದು ಐರಿನ್ ಬಾಯಿ ಮಾತು ಕೊಟ್ಟಿದ್ದಾರೆ. ಅವರೂ ಹಾಗೇ ಮುಂದಕ್ಕೆ.

ಆದ್ದರಿಂದ ನನ್ನ ಕೋರಿಕೆ ಇದು. ಹುಡುಕಿಕೊಂಡು ಹೋಗು. ನಿನ್ನ ಕಾಲದಲ್ಲಿ ಅದು ಯಾರ ಬಳಿ ಇದೆಯೋ ತಿಳಿಯದು, ಆದರೆ ಬಂಡೆಯ ಮೇಲೆ ನಿಂತ ಒಬ್ಬರು, ಪಕ್ಕದಲ್ಲಿ ಹಾಡುವ ಒಬ್ಬರು, ಇಷ್ಟು ಕಂಡರೆ ಅದೇ ಎಂದು ತಿಳಿ. ಹಾಡು ಈ ಕಾಗದದ ಬೆನ್ನಿಗೆ ಬರೆದಿದೆ. ಸೀಟು ಹಾಕಿಸಬೇಡ. ಮತ್ತೆ, ಹಾಡುವ ಸರದಿ ನಿನ್ನದಾದಾಗ ನನ್ನಂತೆ ಎಳೆಯಬೇಡ. ನಿಂತವರ ಮಂಡಿ ನೋಡಿಕೊಂಡು ಹಾಡು.

ಪೆಟ್ಟಿಗೆ ಪೂರಾ ಖಾಲಿಯಲ್ಲ. ಎಡಮೂಲೆಯ ಹುಲ್ಲಿನಡಿ, ಅಜ್ಜನ ರಾಜಪೋಷಾಕಿನ ತುಂಡಿನಲ್ಲಿ ಸುತ್ತಿದ ಒಂದು ಕ್ಲಚ್ ಲಿವರ್ ಇದೆ. ನೂರಿಯಾಳ ಕೈಯಿಂದ ಬಂದ ಕೊನೆಯದು. ಎಡಗಡೆಗೆ ಬಿದ್ದರೆ ಮೊದಲು ಮುರಿಯುವುದು ಅದು. ಹೊಸಬರೆಲ್ಲ ಎಡಕ್ಕೇ ಬೀಳುತ್ತಾರೆ. ನೀನೂ ಬೀಳುತ್ತೀಯ ಎಂದು ನಂಬಿ, ನಿನ್ನ ಹೆಸರು ತಿಳಿಯದೆ, ಈಗಲೇ ತರಿಸಿ ಇಟ್ಟಿದ್ದೇನೆ.

ನಿನ್ನ
ಮುದ್ದುರಂಗಪ್ಪ ತಾತ