ಅತ್ತೆಯ ಅಡುಗೆಮನೆಯ ಬಾಗಿಲು

ನೆವಾಡಾ ಮರುಭೂಮಿ, ನಮ್ಮ ಹಳೇ ಡೇರೆ
ಆಗಸ್ಟ್ 27, ಮಂಗಳವಾರ

ನನ್ನ ಮುಂಗೋಪಿ ವೆಂಡೆಲ್,

ಕೈಬರಹ ಕಂಡ ಕೂಡಲೇ ಇದನ್ನು ಹರಿದು ಬಿಸಾಡಬೇಡ. ನಿನ್ನ ಅಕ್ಕ ಚೂರುಗಳನ್ನು ಅಂಟಿಸಿ ತಾನೇ ಓದಿಬಿಡುತ್ತಾಳೆ.

ನಾನು ಚೆನ್ನಾಗಿದ್ದೇನೆ, ನನ್ನ ಪಾದಗಳು ಮಾತ್ರ ಚೆನ್ನಾಗಿಲ್ಲ. ಈ ಬಿಳಿ ಕ್ಷಾರದ ಧೂಳಿಗೆ ಹಿಮ್ಮಡಿ ಒಡೆದು ಬಿರುಕು ಬಿಟ್ಟಿದೆ. ಹತ್ತೊಂಬತ್ತು ವರ್ಷ, ಈ ಮರುಭೂಮಿ ಜಾತ್ರೆಗೆ ಬಂದಾಗಲೆಲ್ಲ, ಸಂಜೆಯಾದರೆ ನೀರಿಗೆ ವಿನೆಗರ್ ಬೆರೆಸಿ ನನ್ನ ಕಾಲ ಬಳಿ ಬಕೆಟ್ ತಂದಿಡುತ್ತಿದ್ದವನು ನೀನು. ಈ ಸಲ ನಾನೇ ಬೆರೆಸಿಕೊಂಡೆ. ಅಳತೆ ತಿಳಿಯದೆ ಉರಿ ಹತ್ತಿ ಕುಣಿದಾಡಿದೆ. ದಾರಿಯಲ್ಲಿ ಹೋಗುವವರು ಅದೂ ಒಂದು ಪ್ರದರ್ಶನವೆಂದುಕೊಂಡು ಚಪ್ಪಾಳೆ ತಟ್ಟಿದರು.

ದಿನಾ ಬೆಳಗ್ಗೆ ಬಂದಬಂದವರಿಗೆಲ್ಲ ಪ್ಯಾನ್‌ಕೇಕ್ ಬಡಿಸುತ್ತೇನೆ. ತಟ್ಟೆ ಹಿಡಿದವರೆಲ್ಲ ಕೇಳುವುದು ಒಂದೇ: "ಏ ಸೌಟು, ಎಲ್ಲಿ ನಮ್ ಮೊಳೆ?" ಅವರಿಟ್ಟ ಹೆಸರುಗಳೇ ಇಲ್ಲಿ ನಮ್ಮ ಹೆಸರು. ಮೊಳೆಯಿಲ್ಲದೆ ಈ ಸೌಟನ್ನು ನೇತುಹಾಕಲು ಜಾಗವಿಲ್ಲ, ವೆಂಡೆಲ್.

ಹೋದ ವರ್ಷದ ಮಾತಿಗೆ ಬರುತ್ತೇನೆ. ನಿನ್ನ ಅಮ್ಮ ತೀರಿಕೊಂಡ ಮೇಲೆ ನೀನು ಅವರ ಅಡುಗೆಮನೆಯನ್ನೇ ಇಲ್ಲಿ ಹಲಗೆಯಲ್ಲಿ ಕಟ್ಟಿದೆ. ಒಲೆ, ಕಪಾಟು, ಕಿಟಕಿ ಎಲ್ಲವೂ ಹೊಸದು. ಬಾಗಿಲು ಮಾತ್ರ ಊರಿನ ಮನೆಯಿಂದ ಬಿಚ್ಚಿ ತಂದ ನಿಜವಾದ ಹಸಿರು ಬಾಗಿಲು. ವಾರವಿಡೀ ಗುರುತಿಲ್ಲದ ಜನ ಒಳಗೆ ಬಂದು ಕುಳಿತು, ಗೋಡೆಯ ಮೇಲೆ ತಮ್ಮ ತಮ್ಮ ತಾಯಂದಿರ ಹೆಸರು ಬರೆದು ಹೋದರು. ಇಲ್ಲಿ ಕಟ್ಟಿದ್ದನ್ನು ಇಲ್ಲೇ ಸುಡಬೇಕು, ಏನನ್ನೂ ಹಿಂದಕ್ಕೆ ಒಯ್ಯುವಂತಿಲ್ಲ. ನೀನು ಕೈಯಾರೆ ಬೆಂಕಿ ಕೊಟ್ಟೆ.

ಮರುದಿನ ಎಲ್ಲರೂ ಸೇರಿ ಬೂದಿಯಲ್ಲಿ ಅಯಸ್ಕಾಂತದ ಕುಂಟೆ ಎಳೆದೆವು. ಈ ನೆಲದಲ್ಲಿ ಒಂದು ಮೊಳೆಯೂ ಉಳಿಯಬಾರದಲ್ಲ. ಕಪಾಟಿನ ಕೀಲುಗಳು ಸಿಕ್ಕವು. ಆ ಬಾಗಿಲಿನ ಮೂರು ದೊಡ್ಡ ಕಬ್ಬಿಣದ ಕೀಲುಗಳು ಮಾತ್ರ ಸಿಗಲಿಲ್ಲ. ಎಲ್ಲರೂ ಗುಡುಗು ಎಂದು ಕರೆಯುವ ನಮ್ಮ ಬಿಡಾರದ ಯಜಮಾನಿ ಸೊಂಟದ ಮೇಲೆ ಕೈಯಿಟ್ಟು, "ಏನಯ್ಯಾ ಮೊಳೆ, ಅಮ್ಮನ ಬಾಗ್ಲು ಬಿಡಕ್ಕೆ ಮನಸ್ಸು ಬರ್ಲಿಲ್ವಾ? ಎತ್ತಿಟ್ಕೊಂಡ್ಯಾ?" ಎಂದಳು. ಎಲ್ಲರೂ ನಕ್ಕರು. "ಬೆಂಕಿಗೆ ಕೊಟ್ಟಿದ್ದೆ ಕಣ್ರೋ, ನನ್ನಾಣೆ ಕೊಟ್ಟಿದ್ದೆ" ಎಂದು ನೀನು ನನ್ನ ಮುಖ ನೋಡಿದೆ. ನಾನೂ ನಕ್ಕೆ.

ಊರಿಗೆ ಮರಳಿದ ಮೇಲೆ, ಮನೆ ಬಿಟ್ಟು ಅಕ್ಕನಲ್ಲಿಗೆ ಹೊರಡುವಾಗ ನೀನು ಹೇಳಿದ್ದು ಒಂದೇ ಮಾತು: "ಅವರೆಲ್ಲ ನಕ್ಕಿದ್ದಕ್ಕೆ ಬೇಜಾರಿಲ್ಲ ಆರ್ಡಿಸ್. ನೀನು ನಕ್ಯಲ್ಲ."

ಬಾಗಿಲು ತೆಗೆದವಳು ನಾನು. ಸುಡುವ ದಿನ ಮಧ್ಯಾಹ್ನ ನೀನು ಐಸ್ ತರಲು ಹೋಗಿದ್ದಾಗ ಅದನ್ನು ಬಿಚ್ಚಿ, ತೆಳು ಹಲಗೆಗೆ ಹಸಿರು ಬಳಿದು, ತೊಗಲಿನ ಪಟ್ಟಿಯಿಂದ ಅದರ ಜಾಗದಲ್ಲಿ ಕಟ್ಟಿದೆ. ನಿಜವಾದದ್ದು ನನ್ನ ಟ್ರಕ್ಕಿನಲ್ಲಿ, ನೀನು ಹೋದಾಗಿನಿಂದ ನಾನು ಮಲಗುವ ಹಾಸಿಗೆಯ ಕೆಳಗಿದೆ. ಒಂದಲ್ಲ ಒಂದು ದಿನ ನೀನೇ ಅದನ್ನು ಕೇಳುತ್ತೀಯ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅದು ನನಗೇ ಬೇಕಿತ್ತು. ಅಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆದು "ವೆಂಡೆಲ್, ಏಳು ವರ್ಷ" ಎಂದು ಬರೆದಿದ್ದರಲ್ಲ, ಆ ಗೆರೆ ನನ್ನ ಸೊಂಟಕ್ಕೆ ಬರುತ್ತದೆ. ನಾನು ಕಾಣದ ಆ ಹುಡುಗನನ್ನು ಸುಡಲು ನನ್ನಿಂದಾಗಲಿಲ್ಲ. ಆದರೆ ಕೊಡುವುದು ನಿನ್ನದಾಗಿತ್ತು. ಅದನ್ನು ಕಸಿದುಕೊಂಡೆ, ಮೇಲೆ ನಿನ್ನನ್ನೇ ಕಳ್ಳನಾಗಿಸಿದೆ. ಈ ಒಂದು ವರ್ಷ ಆ ಬಾಗಿಲಿನ ಮೇಲೆ ಮಲಗಿ ನನಗೆ ಒಂದು ದಿನವೂ ನೆಟ್ಟಗೆ ನಿದ್ದೆ ಬಂದಿಲ್ಲ.

ಇವತ್ತು ತಿಂಡಿಯ ಹೊತ್ತಿಗೆ ಎಲ್ಲರೆದುರು ಒಪ್ಪಿಕೊಂಡೆ. ನಿನ್ನ ಹೆಸರಿಗೆ ಇನ್ನು ಮಸಿಯಿಲ್ಲ. ಭಾನುವಾರ ಇಲ್ಲಿ ಕೊನೆಯ ಬೆಂಕಿ. ಬಾಗಿಲನ್ನು ಸುಡುತ್ತೀಯೋ ಮನೆಗೆ ಒಯ್ಯುತ್ತೀಯೋ ನಿನ್ನಿಷ್ಟ, ನಾನು ಬಾಯಿ ತೆರೆಯುವುದಿಲ್ಲ. ಬಾ ಅಷ್ಟೇ. ನೀನಿಲ್ಲದೆ ನನಗೆ ಆಗುತ್ತಿಲ್ಲ.

ನಿನ್ನ ಪ್ರೀತಿಯ ಕಳ್ಳಿ,
ಆರ್ಡಿಸ್

ತಾ.ಕ.: ತಿಂಡಿಯ ಹೊತ್ತಿಗೆ ಒಪ್ಪಿಕೊಂಡೆ ಎಂದು ಬರೆದೆನಲ್ಲ, ಅದು ಸುಳ್ಳು. ಬಂದವರಿಗೆಲ್ಲ ಬರೀ ಪ್ಯಾನ್‌ಕೇಕ್ ಬಡಿಸಿದೆ. ಹಾಗೆ ಬರೆದ ಮೇಲೆ ನಾಚಿಕೆಯಾಗಿ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇರಿದಾಗ ಬೆಂಚು ಹತ್ತಿ ನಿಂತು ಈ ಪತ್ರವನ್ನೇ ಮೊದಲಿನಿಂದ ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ. ಗುಡುಗು ನನ್ನ ಕೈಯಿಂದ ಸೌಟು ಕಿತ್ತುಕೊಂಡು, "ಅವನು ಬರೋ ತನಕ ಬಾಗ್ಲು ಇವರೆಲ್ಲರ ಕಾವಲಲ್ಲಿರ್ಲಿ, ನಿನ್ನ ನಂಬಲ್ಲ. ಕಾಗ್ದ ಕೊಡಿಲ್ಲಿ, ನಾನೇ ಹೋಗ್ತೀನಿ. ಅವನ ಹತ್ರ ನಂದೂ ಒಂದ್ ಮಾತಿದೆ" ಎಂದಳು. ನೀನು ಇದನ್ನು ಓದುವಾಗ ಅವಳು ನಿನ್ನ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ. ಅವಳ ವ್ಯಾನಿನಲ್ಲಿ ಪಕ್ಕದ ಸೀಟು ಖಾಲಿಯಿದೆ. ಬರುವಾಗ ವಿನೆಗರ್ ತಾ.